ಕೋಣೆಗೆ ಎಷ್ಟು ಟನ್? ಡಕ್ಟ್ ಇಲ್ಲದ ಎಸಿ ಮತ್ತು ಹೀಟ್ ಪಂಪ್ ಗಾತ್ರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಎಸಿ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಎಷ್ಟು ಟನ್ ಬೇಕು?’ ಎಂದು. ಅದಕ್ಕೆ ಮರುಪ್ರಶ್ನೆ ಬರುತ್ತದೆ: ‘ಕೋಣೆ ಎಷ್ಟು ಚದರ ಅಡಿ?’ ಸಂಖ್ಯೆ ಹೇಳಿದ ಕೂಡಲೇ ಗಾತ್ರ ತೀರ್ಮಾನವಾಗಿಬಿಡುತ್ತದೆ. ಮುಂದಿನ ಹತ್ತು–ಹದಿನೈದು ವರ್ಷ ಗೋಡೆಯ ಮೇಲೆ ಕೂರುವ ಯಂತ್ರದ ಬಗ್ಗೆ ಅರ್ಧ ನಿಮಿಷದ ಈ ಮಾತು ಸಾಲದು. ಗೋಡೆಯ ಮೇಲೊಂದು ಪೆಟ್ಟಿಗೆ, ಹೊರಗೊಂದು ಪೆಟ್ಟಿಗೆ, ನಡುವೆ ತಾಮ್ರದ ಕೊಳವೆ ಇರುವ ಸ್ಪ್ಲಿಟ್ ಯಂತ್ರಗಳ ಗಾತ್ರವನ್ನು ಹೇಗೆ ನಿರ್ಧರಿಸಬೇಕು ಎಂಬುದಕ್ಕೆ ಇಲ್ಲಿ ಉತ್ತರಗಳಿವೆ. ತಂಪಿಗೆ ಮಾತ್ರ ಬಳಸುವವರಿಗೂ ಚಳಿಗಾಲದಲ್ಲಿ ಅದರಿಂದಲೇ ಬೆಚ್ಚಗಾಗಬೇಕೆನ್ನುವವರಿಗೂ ಇವು ಅನ್ವಯಿಸುತ್ತವೆ. ಹಾಗೆ ಬಿಸಿಯನ್ನೂ ಕೊಡಬಲ್ಲ ಯಂತ್ರವೇ ಹೀಟ್ ಪಂಪ್.

‘ಟನ್’ ಎಂದರೆ ಯಂತ್ರದ ತೂಕವೇ?

ಅಲ್ಲ. ತಂಪು ಮಾಡುವ ಯಂತ್ರಗಳು ಬರುವ ಮುಂಚೆ ಮಂಜುಗಡ್ಡೆಯೇ ಗತಿಯಾಗಿದ್ದ ಕಾಲದ ಅಳತೆ ಅದು. 2000 ಪೌಂಡ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಗಳಲ್ಲಿ ಪೂರ್ತಿ ಕರಗುವಾಗ ಸುತ್ತಲಿನಿಂದ ಯಾವ ವೇಗದಲ್ಲಿ ಶಾಖವನ್ನು ಹೀರಿಕೊಳ್ಳುತ್ತದೆಯೋ ಆ ವೇಗವೇ ಒಂದು ಟನ್. ಲೆಕ್ಕದಲ್ಲಿ ಅದು ಗಂಟೆಗೆ 12,000 ಬಿಟಿಯು, ಅಥವಾ 3.517 ಕಿಲೋವ್ಯಾಟ್. ಒಂದು ಪೌಂಡ್ ನೀರಿನ ಬಿಸಿಯನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸಲು ಬೇಕಾದ ಶಾಖವೇ ಒಂದು ಬಿಟಿಯು.

ಸಾಮಾನ್ಯವಾಗಿ ಸಿಗುವ ಗಾತ್ರಗಳು 9,000, 12,000, 18,000 ಮತ್ತು 24,000 ಬಿಟಿಯು. ಅಂದರೆ ಮುಕ್ಕಾಲು, ಒಂದು, ಒಂದೂವರೆ ಮತ್ತು ಎರಡು ಟನ್. ಇಲ್ಲಿ ಎರಡು ಗೊಂದಲಗಳನ್ನು ಈಗಲೇ ಬಿಡಿಸಿಕೊಳ್ಳಿ. ಮೂರೂವರೆ ಕಿಲೋವ್ಯಾಟ್ ಎಂಬುದು ಯಂತ್ರ ಹೊರಹಾಕುವ ಶಾಖ. ಅದಕ್ಕಾಗಿ ಅದು ಬಳಸುವ ವಿದ್ಯುತ್ತು ಇದರ ಮೂರನೇ ಅಥವಾ ನಾಲ್ಕನೇ ಒಂದು ಪಾಲಿನಷ್ಟು. ಇನ್ನೊಂದು, ಹೆಸರಿಗೆ ಒಂದೂವರೆ ಟನ್ ಎನಿಸಿಕೊಂಡ ಯಂತ್ರದ ವಿವರಪಟ್ಟಿಯಲ್ಲಿ 5.27 ಕಿಲೋವ್ಯಾಟ್ ಇರಬೇಕಾದ ಕಡೆ 4.8 ಎಂದಿರುವುದು ಅಪರೂಪವಲ್ಲ. ಹಾಗಾಗಿ ಟನ್ನಿನ ಹೆಸರನ್ನು ನಂಬದೆ ಕಿಲೋವ್ಯಾಟಿನ ಸಂಖ್ಯೆಯನ್ನು ಓದಿ. ಈ ಬರಹದ ಲೆಕ್ಕಗಳೆಲ್ಲ ವ್ಯಾಟ್‌ನಲ್ಲೇ ಇವೆ.

ಚದರ ಅಡಿಯ ಲೆಕ್ಕ ಸಾಲದೇ?

ಸಾಲದು. ಎಸಿ ತೆಗೆದುಹಾಕುವುದು ನೆಲದ ವಿಸ್ತೀರ್ಣವನ್ನಲ್ಲ, ಕೋಣೆಯೊಳಗೆ ನುಗ್ಗುವ ಶಾಖವನ್ನು. ಆ ಶಾಖ ಛಾವಣಿಯಿಂದ, ಕಿಟಕಿಯ ಗಾಜಿನಿಂದ, ಬಿಸಿಲು ಬೀಳುವ ಗೋಡೆಯಿಂದ, ಬಾಗಿಲ ಸಂದಿಯಿಂದ, ಒಳಗಿರುವ ಮನುಷ್ಯರಿಂದ ಮತ್ತು ಉಪಕರಣಗಳಿಂದ ಬರುತ್ತದೆ. ನೆಲದಿಂದ ಬರುವುದು ಇವೆಲ್ಲಕ್ಕಿಂತ ಕಡಿಮೆ. ಆದರೂ ನಾವು ಅಳೆಯುವುದು ನೆಲವನ್ನೇ.

‘ಚದರ ಅಡಿಗೆ 20 ಬಿಟಿಯು’ ಎಂಬ ಸೂತ್ರ ಎಲ್ಲೆಡೆ ಓಡಾಡುತ್ತದೆ. ಗೋಡೆ, ಛಾವಣಿಗಳಿಗೆ ಚೆನ್ನಾಗಿ ಶಾಖನಿರೋಧಕ ಹಾಕಿದ ಮನೆಗಳಲ್ಲಿ ಅದು ಹತ್ತಿರದ ಅಂದಾಜು ಕೊಡಬಹುದು. 150 ಚದರ ಅಡಿಯ ಕೋಣೆಗೆ ಅದರ ಪ್ರಕಾರ 3,000 ಬಿಟಿಯು, ಅಂದರೆ ಕಾಲು ಟನ್ ಸಾಕು. ಇನ್ನೊಂದು ಸೂತ್ರ ‘ನೂರು ಚದರ ಅಡಿಗೆ ಒಂದು ಟನ್’ ಎನ್ನುತ್ತದೆ. ಅದರ ಪ್ರಕಾರ ಅದೇ ಕೋಣೆಗೆ ಒಂದೂವರೆ ಟನ್. ಒಂದೇ ಕೋಣೆಗೆ ಆರು ಪಟ್ಟು ಅಂತರದ ಎರಡು ಉತ್ತರ ಬರುತ್ತದೆ ಎಂದರೆ ತಪ್ಪು ಉತ್ತರದಲ್ಲಿಲ್ಲ, ಪ್ರಶ್ನೆಯಲ್ಲೇ ಇದೆ.

ಹಾಗಾದರೆ ಲೆಕ್ಕ ಹಾಕುವುದು ಹೇಗೆ? ಒಂದು ಉದಾಹರಣೆ ಕೊಡಿ.

ನಾಲ್ಕು ಮೀಟರ್ ಉದ್ದ, ಮೂರೂವರೆ ಮೀಟರ್ ಅಗಲ, ಮೂರು ಮೀಟರ್ ಎತ್ತರದ ಮಲಗುವ ಕೋಣೆ ಎಂದುಕೊಳ್ಳಿ. 14 ಚದರ ಮೀಟರ್, ಅಂದರೆ 150 ಚದರ ಅಡಿ. ಮೇಲೆ ಬರಿಯ ಕಾಂಕ್ರೀಟ್ ತಾರಸಿ. ಎರಡು ಗೋಡೆಗಳು ಹೊರಗೋಡೆಗಳು. ಪಶ್ಚಿಮಕ್ಕೆ 1.8 ಚದರ ಮೀಟರಿನ ಒಂಟಿ ಗಾಜಿನ ಕಿಟಕಿ. ಹೊರಗೆ 38 ಡಿಗ್ರಿ ಸೆಲ್ಸಿಯಸ್, ಒಳಗೆ 25 ಬೇಕು.

ಮೂಲ ಸೂತ್ರ ಸರಳ: ಶಾಖ ದಾಟುವ ಗುಣಾಂಕ, ವಿಸ್ತೀರ್ಣ ಮತ್ತು ಉಷ್ಣಾಂಶದ ಅಂತರ ಈ ಮೂರನ್ನು ಗುಣಿಸಿ. ಗುಣಾಂಕವನ್ನು ಯು-ಮೌಲ್ಯ ಎನ್ನುತ್ತಾರೆ. ಬರಿಯ ಕಾಂಕ್ರೀಟ್ ಛಾವಣಿಗೆ ಅದು ಸುಮಾರು 3, ಇಟ್ಟಿಗೆ ಗೋಡೆಗೆ ಸುಮಾರು 2, ಒಂಟಿ ಗಾಜಿಗೆ 5.7.

ಛಾವಣಿಯಿಂದ ಆರಂಭಿಸೋಣ. ಬಿಸಿಲಿಗೆ ಕಾದ ತಾರಸಿಯ ಮೇಲ್ಮೈ ಗಾಳಿಗಿಂತ ಎಷ್ಟೋ ಬಿಸಿಯಾಗಿರುವುದರಿಂದ ಅಂತರವನ್ನು 13 ಎಂದಲ್ಲ, 25 ಡಿಗ್ರಿ ಎಂದೇ ಹಿಡಿಯಬೇಕು. 14 × 3 × 25, ಅಂದರೆ 1050 ವ್ಯಾಟ್. ಕಿಟಕಿಯ ಮೂಲಕ ನೇರ ಬಿಸಿಲು: ಪಶ್ಚಿಮದ ಗಾಜಿನ ಪ್ರತಿ ಚದರ ಮೀಟರಿನಿಂದ ಸಂಜೆ 400 ವ್ಯಾಟ್ ಒಳಗೆ ಬಂದರೂ 720 ವ್ಯಾಟ್ ಆಯಿತು. ಗಾಜಿನ ಬಿಸಿಯಿಂದ ಇನ್ನೂ 130. ಬಿಸಿಲಿಗೆ ಕಾಯುವ ಹೊರಗೋಡೆಗಳಿಗೆ ಅಂತರವನ್ನು 15 ಎಂದು ಹಿಡಿದರೆ ಸುಮಾರು 620. ಸಂದುಗಳಿಂದ ಗಂಟೆಗೊಮ್ಮೆ ಕೋಣೆಯ ಗಾಳಿ ಬದಲಾಗುತ್ತದೆ ಎಂದರೆ ಅದರ ಬಿಸಿಗೆ 180, ಅದು ಹೊತ್ತು ತರುವ ತೇವಕ್ಕೆ 200. ಇಬ್ಬರು ಮನುಷ್ಯರಿಗೆ 240, ದೀಪ ಮತ್ತು ಟಿವಿಗೆ 150. ಒಟ್ಟು 3290 ವ್ಯಾಟ್. ಒಂದು ಟನ್ನಿಗೆ ತುಸು ಕಡಿಮೆ.

ಈಗ ಅದೇ ಕೋಣೆಯನ್ನು ಕಟ್ಟಡದ ಮಧ್ಯದ ಮಹಡಿಗೆ ಇಳಿಸಿ. ತಲೆಯ ಮೇಲೆ ತಂಪಾಗಿರುವ ಇನ್ನೊಂದು ಮನೆ ಇದೆ, ಛಾವಣಿಯ 1050 ಹೋಯಿತು. ಕಿಟಕಿಯ ಹೊರಗೆ ಒಳ್ಳೆಯ ನೆರಳಿನ ಚಪ್ಪರ ಇದೆ, ಬಿಸಿಲಿನ 720ರಲ್ಲಿ 150 ಮಾತ್ರ ಉಳಿಯಿತು. ಒಟ್ಟು 1670 ವ್ಯಾಟ್, ಅರ್ಧ ಟನ್ನಿಗಿಂತ ಕಡಿಮೆ! ಅದೇ 150 ಚದರ ಅಡಿ, ಅದೇ ಊರು, ಅದೇ ಮಧ್ಯಾಹ್ನ. ಬೇಕಾದ ತಂಪು ಮಾತ್ರ ಅರ್ಧಕ್ಕೆ ಅರ್ಧ.

ನಿಮ್ಮ ಮನೆಯ ಸಂಖ್ಯೆಗಳು ಬೇರೆ ಇರುತ್ತವೆ. ಆದರೆ ಒಂದು ಹಾಳೆಯ ಮೇಲೆ ಈ ಏಳೆಂಟು ಸಾಲುಗಳನ್ನು ಬರೆದು ನೋಡಿ. ಶಾಖ ಎಲ್ಲಿಂದ ಬರುತ್ತಿದೆ ಎಂಬುದು ಮೊದಲ ಬಾರಿಗೆ ಕಣ್ಣಿಗೆ ಕಾಣುತ್ತದೆ. ಅಮೆರಿಕದ ಹವಾನಿಯಂತ್ರಣ ಗುತ್ತಿಗೆದಾರರ ಸಂಘ ಇದಕ್ಕಾಗಿಯೇ ‘ಮ್ಯಾನುಯಲ್ ಜೆ’ ಎಂಬ ವಿಧಾನವನ್ನು ರೂಪಿಸಿದೆ. ಮನೆಯ ಶಾಖದ ಲೆಕ್ಕ ಅದರಲ್ಲಿ. ಆ ಲೆಕ್ಕಕ್ಕೆ ಯಂತ್ರವನ್ನು ಹೊಂದಿಸುವುದು ‘ಮ್ಯಾನುಯಲ್ ಎಸ್’ನಲ್ಲಿ. ಎರಡನ್ನೂ ಬೇರೆ ಬೇರೆ ಕೆಲಸವೆಂದು ಕಂಡಿರುವುದೇ ಸರಿಯಾದ ದಾರಿ.

ಯಾವುದಕ್ಕೂ ಇರಲಿ ಎಂದು ಒಂದು ಅಳತೆ ದೊಡ್ಡದನ್ನೇ ತೆಗೆದುಕೊಂಡರೆ?

ಈ ಪುಟದಲ್ಲಿ ಒಂದೇ ಒಂದು ಉತ್ತರವನ್ನು ಓದುವ ಬಿಡುವಿದ್ದರೆ ಇದನ್ನು ಓದಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದರೆ ಕೆಲಸ ಕೆಡುತ್ತದೆ, ಇಲ್ಲಿಯೂ ಹಾಗೆಯೇ.

ಸೆಕೆ ಎನ್ನುವುದು ಬಿಸಿ ಮಾತ್ರವಲ್ಲ, ತೇವವೂ ಹೌದು. ಎಸಿ ಎರಡು ಕೆಲಸ ಮಾಡಬೇಕು: ಗಾಳಿಯನ್ನು ತಂಪಾಗಿಸುವುದು ಮತ್ತು ಅದರಲ್ಲಿರುವ ನೀರನ್ನು ಹಿಂಡಿ ತೆಗೆಯುವುದು. ಒಳಗಿನ ಯಂತ್ರದ ಸುರುಳಿ ಸಾಕಷ್ಟು ತಣ್ಣಗಾಗಿ, ಅದರ ಮೇಲೆ ಹನಿಗಳು ಕೂಡಿ, ತಟ್ಟೆಗೆ ಜಾರಿ, ಕೊಳವೆಯಿಂದ ಹೊರಗೆ ಬೀಳಲು ಸಮಯ ಬೇಕು. ಯಂತ್ರ ತೀರ ದೊಡ್ಡದಾದರೆ ಐದಾರು ನಿಮಿಷಗಳಲ್ಲಿ ಗಾಳಿ ತಣ್ಣಗಾಗಿ ಕಂಪ್ರೆಸರ್ ನಿಂತುಬಿಡುತ್ತದೆ. ಫ್ಯಾನ್ ಮಾತ್ರ ತಿರುಗುತ್ತಿರುತ್ತದೆ. ಸುರುಳಿಯ ಮೇಲೆ ಕೂಡಿದ ನೀರು ಹೊರಗೆ ಹೋಗುವ ಬದಲು ಮತ್ತೆ ಆವಿಯಾಗಿ ಕೋಣೆಗೇ ಮರಳುತ್ತದೆ. ಉಷ್ಣಾಂಶದ ಫಲಕದಲ್ಲಿ 24 ಎಂದಿರುತ್ತದೆ, ಮೈ ಮಾತ್ರ ಅಂಟಂಟು.

ನಾವಿದ್ದ ಒಂದು ಮನೆಯಲ್ಲಿ 110 ಚದರ ಅಡಿಯ ಚಿಕ್ಕ ಮಲಗುವ ಕೋಣೆಗೆ ಒಂದೂವರೆ ಟನ್ನಿನ, ಇನ್ವರ್ಟರ್ ಇಲ್ಲದ ಹಳೆಯ ಎಸಿ ಇತ್ತು. ರಾತ್ರಿ ಹನ್ನೊಂದಕ್ಕೆ ಹಾಕಿದರೆ ಹತ್ತು ನಿಮಿಷದಲ್ಲಿ ಹೊದಿಕೆ ಎಳೆದುಕೊಳ್ಳುವಷ್ಟು ಚಳಿ. ನಡುರಾತ್ರಿ ಎಚ್ಚರವಾದಾಗ ದಿಂಬಿನ ಬಟ್ಟೆ ಒದ್ದೆಯಾದಂತೆ ಕೈಗೆ ತಣ್ಣಗೆ ಅಂಟುತ್ತಿತ್ತು, ಕಪಾಟಿನಲ್ಲಿಟ್ಟ ಪುಸ್ತಕಗಳ ಹಾಳೆ ಅಲೆಯಲೆಯಾಗಿ ಏಳುತ್ತಿದ್ದವು. ತೇವಮಾಪಕ ತಂದು ಇಟ್ಟೆ: 23 ಡಿಗ್ರಿಯಲ್ಲಿ ಶೇ 72 ತೇವಾಂಶ. ಶೇ 60ರ ಒಳಗಿದ್ದರೆ ಮೈಗೆ ಹಿತ, ಬೂಷ್ಟಿಗೂ ಕಷ್ಟ. ಅನಿಲ ಕಡಿಮೆಯಾಗಿದೆಯೇ ಎಂದು ಎರಡು ಸಲ ತಪಾಸಣೆ ಮಾಡಿಸಿದೆವು. ಯಂತ್ರದಲ್ಲಿ ಒಂದು ದೋಷವೂ ಇರಲಿಲ್ಲ. ಅದು ಆ ಕೋಣೆಯ ಯಂತ್ರವಾಗಿರಲಿಲ್ಲ, ಅಷ್ಟೇ.

ಇದಲ್ಲದೆ ಪದೇ ಪದೇ ನಿಂತು ಹೊರಡುವ ಕಂಪ್ರೆಸರ್ ಬೇಗ ಸವೆಯುತ್ತದೆ, ಪ್ರತಿ ಸಲದ ಆರಂಭಕ್ಕೂ ವಿದ್ಯುತ್ತು ವ್ಯರ್ಥವಾಗುತ್ತದೆ, ಸದ್ದಿಗೆ ನಿದ್ದೆಯೂ ಕೆಡುತ್ತದೆ.

ಇನ್ವರ್ಟರ್ ಎಸಿ ತಾನೇ ವೇಗ ತಗ್ಗಿಸಿಕೊಳ್ಳುತ್ತದಲ್ಲ, ದೊಡ್ಡದಿದ್ದರೇನು?

ಅರ್ಧ ನಿಜ. ಇನ್ವರ್ಟರ್ ಕಂಪ್ರೆಸರ್ ವೇಗವನ್ನು ಏರಿಳಿಸುತ್ತದೆ, ಆದರೆ ಸೊನ್ನೆಯವರೆಗೂ ಇಳಿಸಲಾರದು. ವಿವರಪಟ್ಟಿಯಲ್ಲಿ ಸಾಮರ್ಥ್ಯವನ್ನು ಮೂರು ಸಂಖ್ಯೆಗಳಲ್ಲಿ ಕೊಟ್ಟಿರುತ್ತಾರೆ: ಕನಿಷ್ಠ, ನಿಗದಿತ, ಗರಿಷ್ಠ. ಒಂದು ಟನ್ನಿನ ಯಂತ್ರಕ್ಕೆ 1.0–3.5–4.0 ಕಿಲೋವ್ಯಾಟ್ ಎಂದಿದೆ ಎನ್ನೋಣ. ಎಲ್ಲರೂ ನಡುವಿನದನ್ನು ನೋಡುತ್ತಾರೆ, ಮಾರುವವರು ಕೊನೆಯದನ್ನು ತೋರಿಸುತ್ತಾರೆ. ನೀವು ಮೊದಲನೆಯದನ್ನು ಕೇಳಿ.

ಯಾಕೆಂದರೆ ವರ್ಷದ ಅತಿ ಧಗೆಯ ಹೊತ್ತು ಕೆಲವೇ ಗಂಟೆ. ಉಳಿದ ರಾತ್ರಿಗಳಲ್ಲಿ ಕೋಣೆಗೆ ಬೇಕಾಗುವುದು ಗರಿಷ್ಠದ ಮೂರನೇ ಒಂದು ಪಾಲಿನಷ್ಟು. ಮೇಲೆ ಹೇಳಿದ ಮಧ್ಯದ ಮಹಡಿಯ ಕೋಣೆಗೆ ರಾತ್ರಿ 700 ವ್ಯಾಟ್ ಸಾಕಾಗಬಹುದು. ಅಲ್ಲಿ ಎರಡು ಸಾವಿರ ವ್ಯಾಟ್‌ಗಿಂತ ಕೆಳಗೆ ಇಳಿಯದ ಎರಡು ಟನ್ನಿನ ಯಂತ್ರವನ್ನು ಹಾಕಿದರೆ ಅದು ಇನ್ವರ್ಟರ್ ಆಗಿದ್ದೂ ಹಳೆಯ ಎಸಿಯಂತೆಯೇ ನಿಂತು ಹೊರಡುತ್ತದೆ. ಇನ್ವರ್ಟರಿಗೆ ಕೊಟ್ಟ ಹೆಚ್ಚಿನ ಹಣ ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಸಾಮರ್ಥ್ಯವನ್ನು ಶೇ 40, ಶೇ 60 ಎಂದು ಬದಲಿಸಿಕೊಳ್ಳುವ ಗುಂಡಿ ಇರುವ ಮಾದರಿಗಳ ಬಗ್ಗೆಯೂ ಕೇಳುತ್ತಾರೆ. ಆ ಗುಂಡಿ ಮೇಲಿನ ಮಿತಿಯನ್ನು ಕಟ್ಟಿಹಾಕುತ್ತದೆ. ಕೆಳಗಿನ ಮಿತಿ ಎಲ್ಲಿತ್ತೋ ಅಲ್ಲೇ ಇರುತ್ತದೆ.

ಚಿಕ್ಕದಾದರೆ ಅದೂ ತಪ್ಪಲ್ಲವೇ?

ತೀರ ಚಿಕ್ಕದಾದರೆ ತಪ್ಪೇ. ದಿನವಿಡೀ ಗರಿಷ್ಠ ವೇಗದಲ್ಲಿ ಏದುಸಿರು ಬಿಡುತ್ತಾ ಓಡಿಯೂ ಕೋಣೆ ತಣಿಯದಿದ್ದರೆ ಆ ಯಂತ್ರ ಬಾಳುವುದಿಲ್ಲ. ಆದರೆ ತುಸು ಚಿಕ್ಕದು ಮತ್ತು ತುಸು ದೊಡ್ಡದು ಇವೆರಡರಲ್ಲಿ ತಂಪಿನ ಮಟ್ಟಿಗೆ ನಾನು ತುಸು ಚಿಕ್ಕದನ್ನೇ ಆರಿಸುತ್ತೇನೆ. ಅದು ಹೆಚ್ಚು ಹೊತ್ತು ಓಡುತ್ತದೆ, ತೇವವನ್ನು ಚೆನ್ನಾಗಿ ಹಿಂಡುತ್ತದೆ. ವರ್ಷದ ಕೆಲವು ಸಂಜೆಗಳಲ್ಲಿ ಕೋಣೆ ಬೇಕೆಂದದ್ದಕ್ಕಿಂತ ಒಂದೆರಡು ಡಿಗ್ರಿ ಮೇಲೆ ನಿಲ್ಲಬಹುದು. ಆಗ ಸೀಲಿಂಗ್ ಫ್ಯಾನ್ ಹಾಕಿ. ಗಾಳಿಯಾಡಿದರೆ ಎರಡು ಡಿಗ್ರಿಯ ವ್ಯತ್ಯಾಸ ಮೈಗೆ ತಿಳಿಯುವುದಿಲ್ಲ.

ಚಳಿಗಾಲದಲ್ಲಿ ಬಿಸಿಗೂ ಅದನ್ನೇ ಬಳಸುವುದಾದರೆ ಗಾತ್ರದ ಲೆಕ್ಕ ಬದಲಾಗುತ್ತದೆಯೇ?

ಪೂರ್ತಿ ಬದಲಾಗುತ್ತದೆ, ಏಕೆಂದರೆ ಇಲ್ಲಿ ಲೆಕ್ಕ ತಲೆಕೆಳಗು. ಬೇಸಿಗೆಯಲ್ಲಿ ಹೊರೆಯಾಗಿದ್ದ ಬಿಸಿಲು, ಮನುಷ್ಯರು, ಉಪಕರಣಗಳು ಚಳಿಗಾಲದಲ್ಲಿ ನೆರವಿಗೆ ಬರುತ್ತವೆ. ಆದರೆ ನಸುಕಿನ ನಾಲ್ಕು ಗಂಟೆಗೆ ಬಿಸಿಲಿರುವುದಿಲ್ಲವಾದ್ದರಿಂದ ಅದನ್ನು ನೆಚ್ಚುವಂತಿಲ್ಲ. ಉಷ್ಣಾಂಶದ ಅಂತರವೂ ಬೇಸಿಗೆಗಿಂತ ದೊಡ್ಡದು. ಹೊರಗೆ 38, ಒಳಗೆ 25 ಎಂದರೆ ಅಂತರ 13. ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗೆ, ಒಳಗೆ 21 ಎಂದರೆ ಅಂತರ 31. ನಮ್ಮ ಅದೇ ಮಧ್ಯದ ಮಹಡಿಯ ಕೋಣೆ ಅಂಥ ಊರಿನಲ್ಲಿದ್ದರೆ ಗೋಡೆಗಳಿಂದ ಸುಮಾರು 1280, ಗಾಜಿನಿಂದ 320, ಸಂದುಗಳಿಂದ 430 ವ್ಯಾಟ್ ಸೋರುತ್ತದೆ. ಒಟ್ಟು ಎರಡು ಸಾವಿರ ದಾಟುತ್ತದೆ. ಮೇಲೆ ಬರಿಯ ತಾರಸಿ ಇದ್ದರೆ ಇನ್ನೂ 1300 ಸೇರಿಸಿ.

ಇದರ ಜೊತೆಗೆ ಇನ್ನೊಂದು ತೊಡಕಿದೆ. ಹೀಟ್ ಪಂಪ್ ಹೊರಗಿನ ಗಾಳಿಯಿಂದಲೇ ಶಾಖವನ್ನು ಹೆಕ್ಕಿ ಒಳಗೆ ತರುತ್ತದೆ. ಹೊರಗೆ ಚಳಿ ಹೆಚ್ಚಿದಂತೆ ಕೋಣೆಗೆ ಬೇಕಾದ ಶಾಖ ಏರುತ್ತದೆ, ಯಂತ್ರ ಕೊಡಬಲ್ಲ ಶಾಖ ಇಳಿಯುತ್ತದೆ. ಕೋಣೆ ಹೆಚ್ಚು ಕೇಳುವ ಹೊತ್ತಿಗೇ ಯಂತ್ರ ಕಡಿಮೆ ಕೊಡುತ್ತದೆ. ಪಟ್ಟಿಯಲ್ಲಿ ದೊಡ್ಡ ಅಕ್ಷರದಲ್ಲಿರುವ ಬಿಸಿಯ ಸಾಮರ್ಥ್ಯ ಹೊರಗೆ 7 ಡಿಗ್ರಿ ಸೆಲ್ಸಿಯಸ್ ಇದ್ದಾಗಿನದು. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಸಾಮಾನ್ಯ ಮಾದರಿಗಳು ಅದರಲ್ಲಿ ಮೂರನೇ ಒಂದು ಪಾಲನ್ನು ಅಥವಾ ಹೆಚ್ಚನ್ನು ಕಳೆದುಕೊಂಡಿರುತ್ತವೆ. ನಡುನಡುವೆ ಹೊರಗಿನ ಸುರುಳಿಯ ಮೇಲೆ ಕಟ್ಟಿದ ಹಿಮವನ್ನು ಕರಗಿಸಲು ಯಂತ್ರ ಕೆಲವು ನಿಮಿಷ ತಿರುಗುಮುರುಗಾಗಿ ಓಡುತ್ತದೆ. ಆ ಹೊತ್ತು ಒಳಗೆ ಬಿಸಿ ಬರುವುದಿಲ್ಲ. ಚಳಿನಾಡುಗಳಿಗೆಂದೇ ಮಾಡಿದ ಮಾದರಿಗಳು ಸೊನ್ನೆಗಿಂತ 15 ಡಿಗ್ರಿ ಕೆಳಗೂ ಸಾಮರ್ಥ್ಯವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತವೆ. ನಿಮ್ಮ ಊರಿನ ಚಳಿ ಎಷ್ಟಕ್ಕೆ ಇಳಿಯುತ್ತದೆಯೋ ಆ ಉಷ್ಣಾಂಶದ ಸಾಲಿನಲ್ಲಿ ಯಂತ್ರದ ಸಾಮರ್ಥ್ಯ ಎಷ್ಟಿದೆ ಎಂದು ತಯಾರಕರ ಕೋಷ್ಟಕದಲ್ಲಿ ನೋಡಿ; ಬಿಸಿಗೆ ಗಾತ್ರವನ್ನು ನಿರ್ಧರಿಸುವುದು ಆ ಒಂದು ಸಂಖ್ಯೆ.

ಬೇಸಿಗೆಗೆ ಒಂದು ಗಾತ್ರ, ಚಳಿಗೆ ಇನ್ನೊಂದು ಗಾತ್ರ ಬಂದರೆ? ಚಳಿ ಕಡುವಾಗಿರುವಲ್ಲಿ ಬಿಸಿಯ ಲೆಕ್ಕವನ್ನೇ ಹಿಡಿಯಿರಿ, ಆದರೆ ಕನಿಷ್ಠ ಸಾಮರ್ಥ್ಯ ಆದಷ್ಟು ಕೆಳಗಿರುವ ಮಾದರಿಯನ್ನು ಹುಡುಕಿ. ಆಗ ಬೇಸಿಗೆಯಲ್ಲಿ ತೇವದ ತೊಂದರೆ ಬರುವುದಿಲ್ಲ. ಚಳಿ ಹಗುರವಾಗಿರುವಲ್ಲಿ ತಂಪಿನ ಲೆಕ್ಕವೇ ಸಾಕು.

ನಮ್ಮಲ್ಲಿ ಬೇಸಿಗೆ 45 ಡಿಗ್ರಿ ಮುಟ್ಟುತ್ತದೆ. ಪಟ್ಟಿಯ ಸಂಖ್ಯೆ ಆಗಲೂ ನಿಜವೇ?

ಇಲ್ಲ. ತಂಪಿನ ನಿಗದಿತ ಸಾಮರ್ಥ್ಯವನ್ನು ಅಳೆಯುವುದು ಹೊರಗೆ 35, ಒಳಗೆ 27 ಡಿಗ್ರಿ ಇರುವಾಗ. ಹೊರಗೆ 45ರ ಆಸುಪಾಸು ಇದ್ದರೆ ಹತ್ತರಲ್ಲಿ ಒಂದು ಪಾಲು ಅಥವಾ ಇನ್ನೂ ಹೆಚ್ಚು ಕಡಿತವನ್ನು ನಿರೀಕ್ಷಿಸಬೇಕು. ಬಿಸಿನಾಡುಗಳಿಗಾಗಿ 46 ಡಿಗ್ರಿಯಲ್ಲಿ ಪರೀಕ್ಷಿಸುವ ಕ್ರಮವೂ ಇದೆ. ಆ ಸಂಖ್ಯೆಯನ್ನು ಕೊಟ್ಟಿದ್ದರೆ ಅದನ್ನೇ ನಂಬಿ. ಹೊರಗಿನ ಯಂತ್ರವನ್ನು ಇಡುವ ಜಾಗವೂ ಇಲ್ಲಿ ಮುಖ್ಯ. ಮೂರೂ ಕಡೆ ಮುಚ್ಚಿದ ಕಿರಿದಾದ ಮೂಲೆಯಲ್ಲಿಟ್ಟರೆ ತಾನು ಉಗುಳಿದ ಬಿಸಿಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ಆಗ ಊರಿನಲ್ಲಿ 38 ಇದ್ದರೂ ಅದರ ಪಾಲಿಗೆ 45. ಇಂಥ ಕಡೆ ‘ಎಸಿ ಚಿಕ್ಕದಾಯಿತು’ ಎಂಬ ದೂರು ಬಂದಾಗ ಹೊಸದನ್ನು ಕೊಳ್ಳುವ ಮುಂಚೆ ಪೆಟ್ಟಿಗೆಯನ್ನು ತೆರೆದ ಜಾಗಕ್ಕೆ ಸರಿಸಿ ನೋಡಿ.

ಹಜಾರದಲ್ಲಿ ಒಂದು ದೊಡ್ಡ ಯಂತ್ರ ಹಾಕಿ ಬಾಗಿಲು ತೆರೆದಿಟ್ಟರೆ ಇಡೀ ಮನೆಗೆ ಆಗುವುದಿಲ್ಲವೇ?

ಒಂದೇ ವಿಶಾಲ ಕೋಣೆಯಂತಿರುವ ಚಿಕ್ಕ ಮನೆಯಾದರೆ, ಶಾಖನಿರೋಧಕ ಚೆನ್ನಾಗಿದ್ದರೆ, ಬಹುಮಟ್ಟಿಗೆ ಆಗುತ್ತದೆ. ಕೋಣೆ ಕೋಣೆಯಾಗಿ ಹಂಚಿದ ಮನೆಯಲ್ಲಿ ಆಗುವುದಿಲ್ಲ. ತಂಪುಗಾಳಿ ಬಾಗಿಲು ದಾಟಿ, ಮೂಲೆ ತಿರುಗಿ ಮಲಗುವ ಕೋಣೆಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಹಜಾರ ನಡುಗುತ್ತದೆ, ಕೋಣೆ ಬೇಯುತ್ತದೆ. ರಾತ್ರಿ ಬಾಗಿಲು ಮುಚ್ಚಿದರಂತೂ ಲೆಕ್ಕ ಅಲ್ಲಿಗೇ ಮುಗಿಯಿತು.

ಒಂದು ಹೊರಗಿನ ಯಂತ್ರಕ್ಕೆ ನಾಲ್ಕು ಒಳಗಿನ ಯಂತ್ರ ಜೋಡಿಸುವ ಮಲ್ಟಿ ಸ್ಪ್ಲಿಟ್ ಹೇಗೆ?

ಹೊರಗೆ ಜಾಗವಿಲ್ಲದವರಿಗೆ ಅದು ವರ. ಆದರೆ ಗಾತ್ರದ ತಪ್ಪುಗಳು ಹೆಚ್ಚು ನಡೆಯುವುದೂ ಅಲ್ಲಿಯೇ.

ಮೊದಲನೆಯದಾಗಿ, ಒಳಗಿನ ಯಂತ್ರಗಳಲ್ಲಿ ತೀರ ಚಿಕ್ಕ ಗಾತ್ರ ಸಿಗುವುದು ಕಷ್ಟ. ಅರ್ಧ ಟನ್ ಕೂಡ ಬೇಡದ ಚಿಕ್ಕ ಕೋಣೆಗಳಿಗೆ ತಲಾ ಮುಕ್ಕಾಲು ಟನ್ ಹಾಕುತ್ತಾ ಹೋದರೆ ಒಟ್ಟು ಸಾಮರ್ಥ್ಯ ಮನೆಯ ಬೇಡಿಕೆಯ ಎರಡು ಪಟ್ಟಾಗುತ್ತದೆ. ಅದಕ್ಕೆ ತಕ್ಕಂತೆ ಹೊರಗಿನ ಯಂತ್ರವೂ ದೊಡ್ಡದಾಗುತ್ತದೆ. ಅಂಥ ಯಂತ್ರದ ಕನಿಷ್ಠ ಸಾಮರ್ಥ್ಯ ಒಂಟಿ ಯಂತ್ರಕ್ಕಿಂತ ಸಾಕಷ್ಟು ಮೇಲಿರುತ್ತದೆ. ರಾತ್ರಿ ಒಂದೇ ಕೋಣೆಯ ಎಸಿ ಓಡುವಾಗ ಆ ದೊಡ್ಡ ಕಂಪ್ರೆಸರ್ ಒಂದು ಚಿಕ್ಕ ಕೋಣೆಗಾಗಿ ನಿಂತು ಹೊರಡುತ್ತಿರುತ್ತದೆ.

ಒಳಗಿನವುಗಳ ಮೊತ್ತ ಹೊರಗಿನದಕ್ಕಿಂತ ಹೆಚ್ಚಿರಲು ತಯಾರಕರು ಅವಕಾಶ ಕೊಡುವುದುಂಟು. ಎಲ್ಲ ಕೋಣೆಗಳಿಗೂ ಒಂದೇ ಹೊತ್ತಿಗೆ ಗರಿಷ್ಠ ತಂಪು ಬೇಕಾಗುವುದಿಲ್ಲ, ಪೂರ್ವದ ಕೋಣೆಗೆ ಬೆಳಿಗ್ಗೆ, ಪಶ್ಚಿಮದ್ದಕ್ಕೆ ಸಂಜೆ. ಆದ್ದರಿಂದ ಹೊರಗಿನದನ್ನು ಮೊತ್ತಕ್ಕೆ ಸಮನಾಗಿ ಅಲ್ಲ, ಮನೆಗೆ ಒಂದೇ ಹೊತ್ತಿನಲ್ಲಿ ಬೀಳುವ ಹೊರೆಗೆ ಸಮನಾಗಿ ಆರಿಸಬೇಕು. ಬಿಸಿಯ ಲೆಕ್ಕದಲ್ಲಿ ಮಾತ್ರ ಈ ರಿಯಾಯಿತಿ ಇಲ್ಲ: ಕಡುಚಳಿಯ ನಸುಕಿನಲ್ಲಿ ಎಲ್ಲ ಕೋಣೆಗಳೂ ಒಟ್ಟಿಗೇ ಕೇಳುತ್ತವೆ. ಜಾಗ ಇದ್ದರೆ ಕೋಣೆಗೊಂದು ಒಂಟಿ ಯಂತ್ರವೇ ಲೇಸು ಎಂಬುದು ನನ್ನ ಅಭಿಪ್ರಾಯ. ಒಂದು ಕೆಟ್ಟರೆ ಇಡೀ ಮನೆ ಬೇಯುವುದೂ ತಪ್ಪುತ್ತದೆ.

ಜನ, ಕಂಪ್ಯೂಟರ್, ಒಲೆ ಇವುಗಳಿಗೆ ಎಷ್ಟು ಸೇರಿಸಬೇಕು?

ಸುಮ್ಮನೆ ಕುಳಿತ ಒಬ್ಬ ಮನುಷ್ಯನಿಗೆ 100ರಿಂದ 120 ವ್ಯಾಟ್. ಉಪಕರಣಗಳಿಗೆ ಅವು ಬಳಸುವ ವಿದ್ಯುತ್ತೇ ಅಳತೆ. 300 ವ್ಯಾಟ್ ಎಳೆಯುವ ಕಂಪ್ಯೂಟರ್ ಕೋಣೆಗೆ 300 ವ್ಯಾಟ್ ಶಾಖವನ್ನೇ ಕೊಡುತ್ತದೆ. ಅಡುಗೆಮನೆಯ ವಿಷಯ ಬೇರೆ. ಒಂದು ಗ್ಯಾಸ್ ಉರಿ ಎರಡು–ಮೂರು ಕಿಲೋವ್ಯಾಟ್, ಮೇಲಿಂದ ಆವಿ. ಅಲ್ಲಿ ಹೊಗೆ ಎಳೆಯುವ ಫ್ಯಾನ್ ಮೊದಲು, ಎಸಿ ಆಮೇಲೆ.

ಛಾವಣಿ ಎತ್ತರವಿದ್ದರೆ?

ಎತ್ತರ ಹೆಚ್ಚಿದಷ್ಟೂ ಗೋಡೆಯ ವಿಸ್ತೀರ್ಣ ಹೆಚ್ಚುತ್ತದೆ, ಗಾಳಿಯ ಗಾತ್ರವೂ ಹೆಚ್ಚುತ್ತದೆ; ಮೇಲಿನ ಸೂತ್ರದಲ್ಲಿ ಎರಡೂ ತಾವಾಗಿಯೇ ಬರುತ್ತವೆ. ಬೇಸಿಗೆಯಲ್ಲಿ ಬಿಸಿ ತಲೆಯಿಂದ ಎಷ್ಟೋ ಮೇಲೆ ನಿಲ್ಲುವುದರಿಂದ ಕೊಂಚ ಅನುಕೂಲವೇ. ಚಳಿಗಾಲದಲ್ಲಿ ಅದೇ ಮುಳುವು, ಬಿಸಿಯೆಲ್ಲ ಮೇಲೇರಿ ಕಾಲು ತಣ್ಣಗೆ ಉಳಿಯುತ್ತದೆ. ಒಳಗಿನ ಮೆಟ್ಟಿಲಿನ ಜಾಗ ತೆರೆದಿರುವ ಮನೆಗಳಲ್ಲಿ ಮೇಲಿನ ಮಹಡಿಯ ತಂಪು ಕೆಳಗೆ ಸುರಿದುಹೋಗುತ್ತದೆ. ಅಲ್ಲಿ ಒಂದು ಬಾಗಿಲು ಕಾಲು ಟನ್ನಿಗೆ ಸಮ.

ಮೊದಲು ಮನೆ ಸರಿಪಡಿಸಬೇಕೇ, ಎಸಿ ಹಾಕಬೇಕೇ?

ಮನೆ ಮೊದಲು. ತೂತು ಬಿಂದಿಗೆಗೆ ದೊಡ್ಡ ನಲ್ಲಿ ಹಾಕಿಸುವುದು ಪರಿಹಾರವಲ್ಲ.

ಬೇಸಿಗೆಯ ರಾತ್ರಿ ಒಂಬತ್ತು ಗಂಟೆಗೆ ಮೇಲಿನ ಮಹಡಿಯ ಕೋಣೆಯಲ್ಲಿ ಕುರ್ಚಿ ಹತ್ತಿ ಛಾವಣಿಗೆ ಅಂಗೈ ಒತ್ತಿ ನೋಡಿ. ಹೊರಗೆ ತಂಗಾಳಿ ಬೀಸುತ್ತಿದ್ದರೂ ಕಾಂಕ್ರೀಟು ಜ್ವರ ಬಂದವರ ಹಣೆಯಂತೆ ಬಿಸಿಯಾಗಿರುತ್ತದೆ. ಮಧ್ಯಾಹ್ನ ಕುಡಿದ ಬಿಸಿಲನ್ನು ಅದು ನೀವು ಮಲಗುವ ಹೊತ್ತಿಗೆ ಕೆಳಗೆ ಸುರಿಸುತ್ತದೆ. ನಮ್ಮ ಉದಾಹರಣೆಯ ಛಾವಣಿಗೆ 50 ಮಿಲಿಮೀಟರ್ ದಪ್ಪದ ಒಳ್ಳೆಯ ಶಾಖನಿರೋಧಕ ಹಲಗೆ ಹಾಕಿದರೆ ಯು-ಮೌಲ್ಯ 3ರಿಂದ 0.6ರ ಹತ್ತಿರಕ್ಕೆ ಇಳಿಯುತ್ತದೆ; 1050 ವ್ಯಾಟ್ ಇದ್ದದ್ದು 210 ಆಗುತ್ತದೆ. ಉಳಿದ 840 ವ್ಯಾಟ್ ಸರಿಸುಮಾರು ಕಾಲು ಟನ್. ಕಿಟಕಿಗೆ ಹೊರಗಿನಿಂದ ನೆರಳು ಮಾಡಿದರೆ ಇನ್ನೂ 570 ಹೋಗುತ್ತದೆ. 3290 ಇದ್ದ ಹೊರೆ 1880ಕ್ಕೆ ಬಂತು. ನೆರಳು ಹೊರಗಿರಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ. ಒಳಗಿನ ಪರದೆ ಬಿಸಿಲನ್ನು ತಡೆಯುವ ಹೊತ್ತಿಗೆ ಅದು ಗಾಜು ದಾಟಿ ಬಂದಾಗಿರುತ್ತದೆ. ಪರದೆಯೇ ಕಾದು ಕೋಣೆಯನ್ನು ಕಾಯಿಸುತ್ತದೆ.

ಮೊದಲು ಎಸಿ ಹಾಕಿಸಿ ಆಮೇಲೆ ತಾರಸಿ ಸರಿಪಡಿಸಿದರೆ, ಅಂದು ಸರಿಯಾಗಿದ್ದ ಯಂತ್ರ ಮರುದಿನದಿಂದ ದೊಡ್ಡದಾಗುತ್ತದೆ.

ಕೊಳವೆ ಉದ್ದವಾದರೆ ಸಾಮರ್ಥ್ಯ ಕಡಿಮೆಯಾಗುತ್ತದೆಯೇ?

ಆಗುತ್ತದೆ. ಕೊಳವೆಯ ಉದ್ದಕ್ಕೂ ಒಳಗಿನ ಮತ್ತು ಹೊರಗಿನ ಯಂತ್ರಗಳ ಎತ್ತರದ ಅಂತರಕ್ಕೂ ತಯಾರಕರು ಮಿತಿ ಹಾಕಿರುತ್ತಾರೆ. ಕಾರ್ಖಾನೆಯಲ್ಲಿ ತುಂಬಿದ ಅನಿಲ ಒಂದು ಉದ್ದದವರೆಗೆ ಮಾತ್ರ ಸಾಕು, ಅದರಾಚೆ ಮೀಟರಿಗೆ ಇಷ್ಟು ಗ್ರಾಂ ಎಂದು ಸೇರಿಸಬೇಕು. ಈ ಸಂಖ್ಯೆಗಳು ಕೈಪಿಡಿಯಲ್ಲಿ ಇರುತ್ತವೆ.

ಈಗಿರುವ ಎಸಿಯ ಗಾತ್ರ ಸರಿಯಿದೆಯೇ ಎಂದು ತಿಳಿಯುವುದು ಹೇಗೆ?

ಹೊಸದನ್ನು ಕೊಳ್ಳುವವರಿಗೆ ಹಳೆಯದಕ್ಕಿಂತ ಒಳ್ಳೆಯ ಅಳತೆಗೋಲು ಇನ್ನೊಂದಿಲ್ಲ. ವರ್ಷದ ಅತಿ ಬಿಸಿಯ ದಿನ ಮಧ್ಯಾಹ್ನ ಮೂರರಿಂದ ಸಂಜೆ ಆರರವರೆಗೆ ಹೊರಗಿನ ಕಂಪ್ರೆಸರ್ ಸದ್ದಿಗೆ ಕಿವಿಗೊಡಿ. ಸರಿಯಾದ ಗಾತ್ರದ್ದಾದರೆ ಆ ಹೊತ್ತು ಹೆಚ್ಚುಕಡಿಮೆ ಬಿಡದೆ ಓಡುತ್ತದೆ. ಗಂಟೆಗೆ ಆರೇಳು ಸಲ ನಿಂತರೆ ಅದು ದೊಡ್ಡದು. ಹಳೆಯದು ಎರಡು ಟನ್ ಇತ್ತು, ಹೊಸದೂ ಎರಡೇ ಇರಲಿ ಎನ್ನುವ ಮುಂಚೆ ಈ ಒಂದು ಮಧ್ಯಾಹ್ನವನ್ನು ಕೊಡಿ.

ನೀರು ಹೊರಬೀಳುವ ಕೊಳವೆಯ ಕೆಳಗೆ ಒಂದು ಪಾತ್ರೆಯನ್ನೂ ಇಡಿ. ಸೆಕೆಯ ದಿನಗಳಲ್ಲಿ ತೊಟ್ಟಿಕ್ಕುವುದು ಬಿಡದೆ ನಡೆಯಬೇಕು. ಒಂದು ಗಂಟೆಯಲ್ಲಿ ಒಂದು ಲೀಟರ್ ಕೂಡಿದರೆ ಆ ಯಂತ್ರ ಸುಮಾರು 680 ವ್ಯಾಟಿನಷ್ಟು ಶಕ್ತಿಯನ್ನು ತೇವ ತೆಗೆಯಲು ವ್ಯಯಿಸುತ್ತಿದೆ ಎಂದರ್ಥ. ಕಂಪ್ರೆಸರ್ ಆಗಾಗ ನಿಲ್ಲುತ್ತಾ, ಪಾತ್ರೆ ತುಂಬದೆ, ಕೋಣೆ ಮುಗ್ಗಲು ವಾಸನೆ ಬರುತ್ತಿದ್ದರೆ ಕಾರಣ ಗೊತ್ತಾಯಿತಲ್ಲ.

ಅಳವಡಿಸುವವರನ್ನು ಏನು ಕೇಳಬೇಕು?

‘ನನ್ನ ಕೋಣೆಯ ಶಾಖದ ಹೊರೆ ಎಷ್ಟು ವ್ಯಾಟ್? ಅದನ್ನು ಬರೆದು ಕೊಡಿ’ ಎಂದು ಕೇಳಿ. ಮನೆಗೆ ಬಂದವರು ಕಿಟಕಿಯ ದಿಕ್ಕನ್ನು ನೋಡಿದರೇ, ತಾರಸಿ ಹತ್ತಿದರೇ, ಮೇಲೆ ಯಾರಿದ್ದಾರೆ ಎಂದು ವಿಚಾರಿಸಿದರೇ ಎಂಬುದನ್ನು ಗಮನಿಸಿ. ಹಾಗೆ ಕೇಳುವವರು ಇದ್ದಾರೆ, ಅವರ ಕೆಲಸಕ್ಕೆ ಬೆಲೆ ಕೊಡಿ. ಆಮೇಲೆ ಯಂತ್ರದ ಕನಿಷ್ಠ ಸಾಮರ್ಥ್ಯವನ್ನೂ ನಿಮ್ಮ ಊರಿನ ಅತಿ ಬಿಸಿ, ಅತಿ ಚಳಿಯ ಉಷ್ಣಾಂಶಗಳಲ್ಲಿ ಅದರ ಸಾಮರ್ಥ್ಯವನ್ನೂ ಕೋಷ್ಟಕದಲ್ಲೇ ತೋರಿಸಲು ಹೇಳಿ.

ಲೆಕ್ಕ ಎರಡು ಗಾತ್ರಗಳ ನಡುವೆ ಬಂದು ನಿಂತರೆ?

ಉದಾಹರಣೆಗೆ 2900 ವ್ಯಾಟ್ ಬಂದಿದೆ; ಮುಕ್ಕಾಲು ಟನ್ ಎಂದರೆ 2640, ಒಂದು ಟನ್ ಎಂದರೆ 3517. ಎರಡರ ಪಟ್ಟಿಯನ್ನೂ ಬಿಡಿಸಿ ಕನಿಷ್ಠ, ಗರಿಷ್ಠಗಳನ್ನು ಹೋಲಿಸಿ. ಮುಕ್ಕಾಲು ಟನ್ನಿನದು ಗರಿಷ್ಠ 3100ರವರೆಗೆ ಏರಬಲ್ಲದಾದರೆ ಅದೇ ಸಾಕು. ಅಷ್ಟು ಏರದಿದ್ದರೆ, ಒಂದು ಟನ್ನಿನದು ಸಾವಿರ ವ್ಯಾಟಿನ ಆಸುಪಾಸಿಗೆ ಇಳಿಯಬಲ್ಲದಾದರೆ, ಅದನ್ನು ತೆಗೆದುಕೊಳ್ಳಿ. ಎರಡೂ ಹೊಂದದಿದ್ದರೆ ಬೇರೆ ಮಾದರಿಯನ್ನು ಹುಡುಕಿ, ಇಲ್ಲವೇ ಕಿಟಕಿಗೆ ಹೊರಗಿನಿಂದ ಒಂದು ನೆರಳು ಮಾಡಿಸಿ ಲೆಕ್ಕವನ್ನು ಇನ್ನೊಮ್ಮೆ ಹಾಕಿ. ಹೆಚ್ಚಿನ ಸಲ ಆ 2900 ಎಂಬುದು 2500ಕ್ಕೆ ಇಳಿದಿರುತ್ತದೆ.